ಬುತ್ತಿ ಕಟ್ಟುವ ಮುನ್ನ: ಕೃಷ್ಣೆಯ ದಂಡೆಯಿಂದ ಇಂಕಾ ನಾಡಿನವರೆಗೆ ಪ್ರವಾಸದ ಸಿದ್ಧತೆ

ಇಂಕಾ ನಾಗರಿಕತೆಯ ಕುರಿತು ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಮುಂದೊಂದು ದಿನ ಆಂಡಿಸ್ ಪರ್ವತಗಳಿಗೆ ಹೋಗಬೇಕೆಂಬ ಆಸೆ ಇದೆ. ಅದಕ್ಕೆ ಹೇಗೆ ಸಿದ್ಧರಾಗಬೇಕು?" ಹಣ, ಪಾಸ್‌ಪೋರ್ಟ್, ವಿಮಾನಗಳ ವಿವರ ಯಾರಾದರೂ ಕೊಟ್ಟಾರು. ಆದರೆ ಪುರಾತನ ನೆಲೆಯೊಂದನ್ನು ನೋಡುವ ಸಿದ್ಧತೆ ಬೇರೆಯೇ ಆದದ್ದು. ಅದನ್ನು ಪೆರು ದೇಶಕ್ಕೆ ಹೋಗಿ ಕಲಿಯಬೇಕಾಗಿಲ್ಲ, ನಮ್ಮ ಊರಿನ ನದಿಯ ದಂಡೆಯಿಂದಲೇ ಆರಂಭಿಸಬಹುದು ಎಂಬುದು ನನ್ನ ಉತ್ತರ.

ನಾನು ಬೆಳೆದದ್ದು ಕೃಷ್ಣೆಯ ದಂಡೆಯ ಉಗಾರ ಖುರ್ದದಲ್ಲಿ. ಸಕ್ಕರೆ ಕಾರ್ಖಾನೆಯ ಭೋಂಗಾ ಕೇಳಿ ಹೊತ್ತು ತಿಳಿಯುತ್ತಿದ್ದ ಊರು ಅದು. ಶಾಲೆಯಲ್ಲಿದ್ದಾಗ ಒಮ್ಮೆ ನಮ್ಮನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ದರು. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ಕತ್ತಲಾಗುವ ಹೊತ್ತಿಗೆ ಕೂಡಲಸಂಗಮ. ಒಂದೇ ದಿನದಲ್ಲಿ ಎರಡು ಶತಮಾನಗಳ ಶಿಲ್ಪಕಲೆಯನ್ನು ಮುಗಿಸಿ ಬಂದೆವು. ಮರುದಿನ ಪ್ರವಾಸದ ಪ್ರಬಂಧ ಬರೆಯಲು ಕುಳಿತರೆ ನೆನಪಿನಲ್ಲಿ ಉಳಿದಿದ್ದವು ಮೂರೇ ಸಂಗತಿಗಳು: ಬಸ್ಸಿನಲ್ಲಿ ಹಾಡಿದ ಹಾಡು, ಬಾದಾಮಿಯ ಮಂಗಗಳು ಮತ್ತು ಅವ್ವ ಕಟ್ಟಿಕೊಟ್ಟ ಬುತ್ತಿ. ಇದರಲ್ಲಿ ಗುರುಗಳ ತಪ್ಪಿರಲಿಲ್ಲ, ನಮ್ಮ ತಪ್ಪೂ ಇರಲಿಲ್ಲ. ನಾವು ಯಾವ ಪ್ರಶ್ನೆಯನ್ನೂ ಹಿಡಿದುಕೊಂಡು ಹೋಗಿರಲಿಲ್ಲ, ಅಷ್ಟೆ.

ತಮಾಷೆಯೆಂದರೆ, ಇತಿಹಾಸದ ಪಾಠ ಆ ಬುತ್ತಿಯಲ್ಲಿಯೇ ಇತ್ತು. ಜೋಳದ ರೊಟ್ಟಿಯ ಜೊತೆಗೆ ಅದರಲ್ಲಿ ಶೇಂಗಾ ಚಟ್ನಿ, ಬಟಾಟೆ ಪಲ್ಯ ಮತ್ತು ಮೆಣಸಿನಕಾಯಿ ಖಾರ ಇದ್ದವು. ಬಟಾಟೆಯನ್ನು ಮೊದಲು ಬೆಳೆಸಿ ಪಳಗಿಸಿದವರು ಆಂಡಿಸ್ ಪರ್ವತಗಳ ಜನ. ಶೇಂಗಾದ ಮೂಲ ಆ ಪರ್ವತಗಳ ಪೂರ್ವದ ಇಳಿಜಾರು ಪ್ರದೇಶ. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ನಮ್ಮ ನೆರೆಯ ನಿಪ್ಪಾಣಿಗೆ ಹೆಸರು ತಂದ ತಂಬಾಕು ಕೂಡ ಆ ಖಂಡದಿಂದಲೇ ಬಂದದ್ದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ನಂತರದ ಕಾಲದಲ್ಲಿ, ಅವರ ಮತ್ತು ಇತರ ಐರೋಪ್ಯ ವ್ಯಾಪಾರಿಗಳ ಹಡಗುಗಳ ಮೂಲಕ ಈ ಬೆಳೆಗಳು ನಮ್ಮ ನಾಡನ್ನು ತಲುಪಿದವು. ಹೀಗೆ ನಾವು ಆಂಡಿಸ್‌ಗೆ ಹೋಗುವ ಮೊದಲೇ ಆಂಡಿಸ್ ನಮ್ಮ ಮನೆಗೆ ಬಂದಿದೆ.

ಅಲ್ಲಿ ಬೆಟ್ಟವೇ ಗುರು

ಇಂಕಾ ನಾಡಿನ ಪ್ರವಾಸವನ್ನು ಅವಸರದಲ್ಲಿ ಮಾಡಲಾಗದು. ಅದಕ್ಕೆ ಕಾರಣ ಸರಳವಾದ ಭೌತವಿಜ್ಞಾನ. ಇಂಕಾ ರಾಜಧಾನಿಯಾಗಿದ್ದ ಕುಸ್ಕೊ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಕೃಷ್ಣಾ ಬಯಲು ಐನೂರು ಮೀಟರುಗಳ ಆಸುಪಾಸಿನದು. ಕುಸ್ಕೊದಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಅಂದರೆ ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ನೀರು ಅಲ್ಲಿ 89 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಬೇಳೆ ಬೇಯುವುದು ತಡ. ವಿಮಾನದಿಂದ ಇಳಿದ ದಿನವೇ ಓಡಾಡಿದವರಿಗೆ ತಲೆನೋವು, ವಾಕರಿಕೆ ತಪ್ಪುವುದಿಲ್ಲ.

ಆದ್ದರಿಂದ ತಿಳಿದವರು ಮೊದಲು ಕುಸ್ಕೊದಿಂದ ಕೆಳಗಿಳಿದು, ಉರುಬಂಬಾ ನದಿಯ ಕಣಿವೆಯಲ್ಲಿ ಸುಮಾರು 2,800 ಮೀಟರ್ ಎತ್ತರದ ಒಲ್ಯಾಂತಾಯ್‌ಟಾಂಬೊದಂಥ ಊರುಗಳಲ್ಲಿ ಎರಡು ಮೂರು ದಿನ ಕಳೆಯುತ್ತಾರೆ. ಅಲ್ಲಿಂದ 2,430 ಮೀಟರ್ ಎತ್ತರದ ಮಾಚು ಪಿಚುಗೆ ಹೋಗುತ್ತಾರೆ. ಕುಸ್ಕೊ ನಗರವನ್ನು ಕೊನೆಗೆ ನೋಡುತ್ತಾರೆ. ದೇಹ ಹೊಂದಿಕೊಳ್ಳಲು ತೆಗೆದುಕೊಳ್ಳುವ ಈ ಸಮಯದಲ್ಲಿ ಕಣ್ಣಿಗೂ ಮನಸ್ಸಿಗೂ ಬಿಡುವು ಸಿಗುತ್ತದೆ.

ನಮ್ಮಲ್ಲಿ ಅಂಥ ತಡೆ ಇಲ್ಲ. ಬಾದಾಮಿಯ ಮೆಟ್ಟಿಲು ಹತ್ತಿದರೆ ಯಾರಿಗೂ ಉಸಿರು ಕಟ್ಟುವುದಿಲ್ಲ. ಅಲ್ಲಿ ನಿಧಾನವನ್ನು ಬೆಟ್ಟವೇ ಕಲಿಸುತ್ತದೆ, ಇಲ್ಲಿ ನಿಧಾನವನ್ನು ನಾವೇ ಯೋಜಿಸಿಕೊಳ್ಳಬೇಕು. ಹಾಗೆ ಯೋಜಿಸಲು ಮೂರು ಪ್ರಶ್ನೆಗಳು ಸಾಕು. ಈ ಕಲ್ಲು ಎಲ್ಲಿಂದ ಬಂತು? ಇದನ್ನು ಮಾಡಿದವರು ಯಾರು, ಅದು ನಮಗೆ ಗೊತ್ತಾದದ್ದು ಹೇಗೆ? ಇಂದು ಇಲ್ಲಿ ಯಾರು ಬದುಕುತ್ತಿದ್ದಾರೆ?

ಎಷ್ಟು ಹಳೆಯದು?

ಈ ಪ್ರಶ್ನೆಗಳಿಗೆ ಹೋಗುವ ಮೊದಲು ಕಾಲದ ಲೆಕ್ಕವನ್ನು ಸರಿಪಡಿಸಿಕೊಳ್ಳೋಣ. ಮಾಚು ಪಿಚು ಎಂದರೆ ಸಾವಿರಾರು ವರ್ಷ ಹಳೆಯದೆಂದು ಬಹಳಷ್ಟು ವಿದ್ಯಾರ್ಥಿಗಳು ಭಾವಿಸುತ್ತಾರೆ. ಅದು ಕಟ್ಟಲ್ಪಟ್ಟದ್ದು 15ನೆಯ ಶತಮಾನದಲ್ಲಿ. ಇಂಕಾ ರಾಜ್ಯವನ್ನು ಸಾಮ್ರಾಜ್ಯವಾಗಿ ಬೆಳೆಸಿದ ಪಚಕೂಟಿಯ ಆಳ್ವಿಕೆ ಸಾಂಪ್ರದಾಯಿಕ ಲೆಕ್ಕದಂತೆ ಆರಂಭವಾದದ್ದು 1438ರಲ್ಲಿ. ಆಗ ನಮ್ಮ ವಿಜಯನಗರದಲ್ಲಿ ಎರಡನೆಯ ದೇವರಾಯ ಆಳುತ್ತಿದ್ದ. ಸ್ಪೇನಿನ ಫ್ರಾನ್ಸಿಸ್ಕೊ ಪಿಜಾರೊ ಕಹಮಾರ್ಕಾ ಎಂಬಲ್ಲಿ ಇಂಕಾ ದೊರೆ ಅತಾವಲ್ಪನನ್ನು ಸೆರೆಹಿಡಿದದ್ದು 1532ರ ನವೆಂಬರಿನಲ್ಲಿ. ಕಾಡುಗಳಿಗೆ ಹಿಂದೆಗೆದ ಇಂಕಾ ಮನೆತನದ ಕೊನೆಯ ದೊರೆ ತುಪಾಕ್ ಅಮರುವನ್ನು ಕೊಂದದ್ದು 1572ರಲ್ಲಿ. ಆ ಎರಡು ಘಟನೆಗಳ ನಡುವೆ, 1565ರಲ್ಲಿ, ಇದೇ ಕೃಷ್ಣೆಯ ಕೆಳಭಾಗದಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ನಡೆದು ವಿಜಯನಗರದ ವೈಭವ ಮುಗಿಯಿತು.

ಇದಕ್ಕೆ ಹೋಲಿಸಿದರೆ ಉಗಾರದಿಂದ ಒಂದೇ ದಿನದಲ್ಲಿ ನೋಡಿಬರಬಹುದಾದ ಖಿದ್ರಾಪುರದ ಕೋಪೇಶ್ವರ ದೇವಾಲಯ ಮಾಚು ಪಿಚುಗಿಂತ ಸುಮಾರು ಮುನ್ನೂರು ವರ್ಷ ಹಿರಿಯದು. ಬಾದಾಮಿಯ ಮೂರನೆಯ ಗುಹೆ 578ರದು. ಇಂಕಾ ಗೋಡೆಗಳು ಏಳುವ ಹೊತ್ತಿಗೆ ಆ ಗುಹೆಗೆ ಎಂಟೂವರೆ ಶತಮಾನಕ್ಕೂ ಹೆಚ್ಚು ವಯಸ್ಸಾಗಿತ್ತು! ಹಳೆಯದು ದೊಡ್ಡದು, ಹೊಸದು ಚಿಕ್ಕದು ಎಂದು ಇದರ ಅರ್ಥವಲ್ಲ. 'ಪ್ರಾಚೀನ' ಎಂಬ ಪದದ ಮುಂದೆ ಇಸವಿಯನ್ನು ಬರೆದುಕೊಳ್ಳದೆ ಹೊರಡಬಾರದು, ಇಷ್ಟೇ.

ಮೊದಲ ಪ್ರಶ್ನೆ: ಈ ಕಲ್ಲು ಎಲ್ಲಿಂದ ಬಂತು?

ಕುಸ್ಕೊದ ಸುಂದರ ಗೋಡೆಗಳಲ್ಲಿ ಆಂಡೆಸೈಟ್ ಎಂಬ ಜ್ವಾಲಾಮುಖಿಜನ್ಯ ಶಿಲೆ ಬಳಕೆಯಾಗಿದೆ. ಆಂಡಿಸ್‌ನಿಂದಲೇ ಆ ಶಿಲೆಗೆ ಹೆಸರು ಬಂತು. ಮಾಚು ಪಿಚುವಿನದು ಗ್ರಾನೈಟ್, ಕಟ್ಟಡದ ಪಕ್ಕದಲ್ಲಿಯೇ ಕಲ್ಲಿನ ಗಣಿ. ಕುಸ್ಕೊದ ಮೇಲಿನ ಸಕ್ಸೈವಮಾನ್ ಕೋಟೆಯಲ್ಲಿ ನೂರು ಟನ್ನಿಗೂ ಹೆಚ್ಚು ತೂಕದ ಸುಣ್ಣಕಲ್ಲಿನ ಬಂಡೆಗಳಿವೆ. ಇಂಕಾ ಜನರಲ್ಲಿ ಕಬ್ಬಿಣ ಇರಲಿಲ್ಲ, ಸಾಗಣೆಗೆ ಗಾಲಿ ಇರಲಿಲ್ಲ, ಎತ್ತು ಕುದುರೆಗಳೂ ಇರಲಿಲ್ಲ. ಹಾಗಾದರೆ ಕಲ್ಲನ್ನು ಇಷ್ಟು ನಯವಾಗಿ ಜೋಡಿಸಿದ್ದು ಹೇಗೆ? ವಾಸ್ತುಶಿಲ್ಪ ವಿದ್ವಾಂಸ ಜಾನ್-ಪಿಯರ್ ಪ್ರೋಟ್ಸನ್ 1980ರ ದಶಕದಲ್ಲಿ ಇದನ್ನು ತಾವೇ ಮಾಡಿ ನೋಡಿದರು. ಗಟ್ಟಿಯಾದ ಗುಂಡುಕಲ್ಲುಗಳಿಂದ ಬಂಡೆಯನ್ನು ಕುಟ್ಟಿ ಕುಟ್ಟಿ, ಜೋಡಿಸಿ ನೋಡಿ, ಮತ್ತೆ ಕುಟ್ಟಿ ಅಂಥ ಸಂದುಗಳನ್ನು ಮಾಡಬಹುದೆಂದು ತೋರಿಸಿದರು. ಇದರಲ್ಲಿ ಪವಾಡವೇನೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಇರುವುದು ಜನರ ದುಡಿಮೆ.

ಒಲ್ಯಾಂತಾಯ್‌ಟಾಂಬೊದಲ್ಲಿ ಗಣಿ ಇರುವುದು ನದಿಯ ಆಚೆಯ ಬೆಟ್ಟದಲ್ಲಿ. ಅಲ್ಲಿಂದ ತಂದ ಕೆಲವು ಬಂಡೆಗಳು ದಾರಿಯ ಮಧ್ಯದಲ್ಲಿಯೇ ಬಿದ್ದಿವೆ. ಸ್ಥಳೀಯರು ಅವನ್ನು 'ದಣಿದ ಕಲ್ಲುಗಳು' ಎಂದು ಕರೆಯುತ್ತಾರೆ. ಮುಗಿದ ಗೋಡೆ ಹೇಳದ ಸಂಗತಿಯನ್ನು ದಾರಿಯಲ್ಲಿ ಬಿದ್ದ ಕಲ್ಲು ಹೇಳುತ್ತದೆ.

ಈಗ ಅದೇ ಪ್ರಶ್ನೆಯನ್ನು ಹಿಡಿದು ಖಿದ್ರಾಪುರಕ್ಕೆ ಬನ್ನಿ. ಇದು ಇಂದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿದೆ. 12ನೆಯ ಶತಮಾನದಲ್ಲಿ ಶಿಲಾಹಾರ ಅರಸರ ಕಾಲದಲ್ಲಿ ರೂಪುಗೊಂಡ ದೇವಾಲಯ ಇದು. ಇಲ್ಲಿನ ಕಪ್ಪು ಕಲ್ಲು ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಆದ ಶಿಲೆ. ನಮ್ಮ ಕಬ್ಬಿನ ಹೊಲಗಳ ಎರೆಮಣ್ಣು ಅದೇ ಶಿಲೆ ಸವೆದು ಆದದ್ದು. ಅಂದರೆ ಗುಡಿಯ ಆನೆಗಳೂ ನಮ್ಮ ಹೊಲದ ಮಣ್ಣೂ ಒಂದೇ ತಾಯಿಯ ಮಕ್ಕಳು.

ದೇವಾಲಯದ ಮುಂದೆ ಸ್ವರ್ಗಮಂಟಪವಿದೆ. 48 ಕಂಬಗಳ ಈ ಮಂಟಪದ ಚಾವಣಿಯ ನಡುವೆ ಸುಮಾರು 13 ಅಡಿ ಅಗಲದ ವೃತ್ತಾಕಾರದ ತೆರಪು ಇದೆ. ಅದರ ನೇರ ಕೆಳಗೆ ನೆಲದಲ್ಲಿ ಅಷ್ಟೇ ದೊಡ್ಡ ದುಂಡು ಹಾಸುಗಲ್ಲು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಬೀಳುವ ಬೆಳಕು ಕಂಬಗಳ ನಡುವೆ ಹೇಗೆ ಸರಿಯುತ್ತದೆಂದು ಒಂದು ತಾಸು ಕುಳಿತು ನೋಡಿ. ಕೈಗಡಿಯಾರ ಮತ್ತು ಸೀಮೆಸುಣ್ಣದ ಬದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಗುರುತು ಮಾಡಿಕೊಳ್ಳಿ. ನೆಲದ ಮೇಲೆ ಏನನ್ನೂ ಬರೆಯಬೇಡಿ.

ಮುಂದೆ ಬಾದಾಮಿಯ ಕಡೆಗೆ ಹೋದಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಅದು ಮರಳುಗಲ್ಲು. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ಬಾಗಲಕೋಟೆಯ ಬಳಿಯ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಆಂಡಿಸ್‌ಗೆ ಆಂಡೆಸೈಟ್ ಇದ್ದಂತೆ ನಮಗೆ ಕಲಾದಗಿ ಶಿಲೆ! ಪದರ ಪದರವಾಗಿ ಮಲಗಿರುವ ಈ ಕಲ್ಲು ಬಸಾಲ್ಟಿಗಿಂತ ಸುಲಭವಾಗಿ ಉಳಿಗೆ ಬಗ್ಗುತ್ತದೆ. ಚಾಲುಕ್ಯರ ಶಿಲ್ಪಿಗಳು ಬೆಟ್ಟವನ್ನೇ ಕೊರೆದು ಗುಹೆ ಮಾಡಲು, ಆಮೇಲೆ ಬಂಡೆ ತೆಗೆದು ಗುಡಿ ಕಟ್ಟಲು ಮುಂದಾದದ್ದಕ್ಕೆ ಈ ಕಲ್ಲಿನ ಗುಣವೂ ಒಂದು ಕಾರಣ.

ಎರಡನೆಯ ಪ್ರಶ್ನೆ: ಮಾಡಿದವರು ಯಾರು?

ಇಂಕಾ ರಾಜ್ಯದ ರಸ್ತೆಗಳ ಜಾಲ 30,000 ಕಿಲೋಮೀಟರಿಗೂ ಹೆಚ್ಚು. ಇಂದಿನ ಆರು ದೇಶಗಳಲ್ಲಿ ಹರಡಿದ ಈ ರಸ್ತೆಯನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರತಿಯೊಂದು ಮನೆತನವೂ ವರ್ಷದಲ್ಲಿ ಇಷ್ಟು ಕಾಲ ರಾಜ್ಯಕ್ಕಾಗಿ ದುಡಿಯಬೇಕೆಂಬ 'ಮಿತಾ' ಪದ್ಧತಿಯಿಂದ ರಸ್ತೆ, ಕೋಟೆ, ಉಗ್ರಾಣಗಳೆಲ್ಲ ನಿರ್ಮಾಣವಾದವು. ಆದರೆ ಆ ದುಡಿದವರಲ್ಲಿ ಒಬ್ಬರ ಹೆಸರೂ ಗೋಡೆಯ ಮೇಲಿಲ್ಲ. ಇಂಕಾ ಜನರಲ್ಲಿ ನಮಗೆ ಪರಿಚಿತವಾದ ರೀತಿಯ ಲಿಪಿ ಇರಲಿಲ್ಲ. 'ಕಿಪು' ಎಂಬ ದಾರಗಳಲ್ಲಿ ಗಂಟು ಹಾಕಿ ಅವರು ಲೆಕ್ಕ ಇಡುತ್ತಿದ್ದರು. ಆ ಗಂಟುಗಳು ದಶಮಾನ ಪದ್ಧತಿಯಲ್ಲಿ ಬಿಡಿ, ಹತ್ತು, ನೂರುಗಳ ಸ್ಥಾನಗಳನ್ನು ತೋರಿಸುತ್ತವೆ ಎಂಬುದನ್ನು 20ನೆಯ ಶತಮಾನದ ಆರಂಭದಲ್ಲಿ ಲೆಲಂಡ್ ಲಾಕ್ ಬಿಡಿಸಿ ತೋರಿಸಿದರು. ಅಂಕಿಗಳ ಆಚೆಗೆ ಕಥೆಗಳೂ ಅದರಲ್ಲಿವೆಯೇ ಎಂಬ ಶೋಧ ಇಂದಿಗೂ ನಡೆದಿದೆ.

ನಮ್ಮ ಭಾಗ್ಯ ದೊಡ್ಡದು. ಇಲ್ಲಿ ಕಲ್ಲು ಮಾತನಾಡುತ್ತದೆ. ಐಹೊಳೆಯ ಮೇಗುಟಿಯಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ಸಾಧನೆಗಳನ್ನು ಹೇಳುವ ಅದನ್ನು ರಚಿಸಿದ ಕವಿ ರವಿಕೀರ್ತಿ ತನ್ನ ಹೆಸರನ್ನೂ ಹೇಳಿಕೊಂಡಿದ್ದಾನೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು, ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗಾಗಿ, 740ರ ಸುಮಾರಿಗೆ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಆ ಗುಡಿಯ ಶಾಸನಗಳಲ್ಲಿ ಅದನ್ನು ಮಾಡಿದ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಗಳ ಹೆಸರುಗಳಿವೆ. ರಾಜನ ಜೊತೆಗೆ ಶಿಲ್ಪಿಯನ್ನೂ ನೆನೆದ ಶಾಸನಗಳು ಇವು. ಶಾಲೆಯ ಪ್ರವಾಸದಲ್ಲಿ ನಾನು ಇವುಗಳ ಮುಂದೆಯೇ ಓಡಾಡಿರಬೇಕು. ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಖಿದ್ರಾಪುರದಲ್ಲಿಯೂ ಹಳಗನ್ನಡದ ಶಾಸನಗಳಿವೆ. ಅವುಗಳ ಜೊತೆಗೆ ದೇವಾಲಯಕ್ಕೆ ದತ್ತಿ ಕೊಟ್ಟ ಯಾದವ ಸಿಂಘಣನ 13ನೆಯ ಶತಮಾನದ ಆರಂಭದ ಸಂಸ್ಕೃತ ಶಾಸನವೂ ಇದೆ. ಊರಿನ ಇಂದಿನ ಮಾತು ಮರಾಠಿ. ಇಲ್ಲಿ ಶಿವಲಿಂಗದ ಎದುರಿಗೆ ನಂದಿ ಇಲ್ಲ. ದಕ್ಷಯಜ್ಞಕ್ಕೆ ಸತಿದೇವಿಯನ್ನು ಹೊತ್ತೊಯ್ದ ನಂದಿ ಚಿಕ್ಕೋಡಿ ಕಡೆಯ ಯಡೂರಿನಲ್ಲಿ ನಿಂತ ಎಂಬುದು ಸ್ಥಳಪುರಾಣ. ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ! ರಾಜ್ಯಗಳ ಗಡಿ 1956ರದು. ಗುಡಿ, ಭಾಷೆ, ಕಥೆಗಳ ಗಡಿ ಅದಕ್ಕಿಂತ ಬಹಳ ಹಳೆಯದು, ಬಹಳ ಮೃದುವಾದದ್ದು. ಪಠ್ಯಪುಸ್ತಕದ ನಕಾಶೆಯನ್ನು ಸ್ವಲ್ಪ ಹೊತ್ತು ಮಡಚಿಟ್ಟರೆ ಇದು ಕಾಣುತ್ತದೆ.

ಮೂರನೆಯ ಪ್ರಶ್ನೆ: ಇಂದು ಇಲ್ಲಿ ಯಾರಿದ್ದಾರೆ?

ಅಮೆರಿಕದ ಹಿರಾಮ್ ಬಿಂಗಮ್ 1911ರ ಜುಲೈ 24ರಂದು ಮಾಚು ಪಿಚುವನ್ನು 'ಕಂಡುಹಿಡಿದ' ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಅವರು ಅಲ್ಲಿಗೆ ಹೋದಾಗ ರೈತ ಕುಟುಂಬಗಳು ಆ ಹಳೆಯ ಮೆಟ್ಟಿಲು ಹೊಲಗಳಲ್ಲಿ ಬೇಸಾಯ ಮಾಡುತ್ತಿದ್ದವು. ಅಲ್ಲಿ ದೊರೆತ ಸಾವಿರಾರು ವಸ್ತುಗಳು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದವು. ಪೆರುವಿನ ಜನ ದೀರ್ಘಕಾಲ ಕೇಳಿದ ಮೇಲೆ 2011 ಮತ್ತು 2012ರಲ್ಲಿ ಅವು ಮರಳಿ ಬಂದವು. ಹೊರಗಿನವರು ಬಂದು ನೋಡಿದ ದಿನದಿಂದ ಒಂದು ಸ್ಥಳದ ಇತಿಹಾಸ ಆರಂಭವಾಗುವುದಿಲ್ಲ.

ಐಹೊಳೆಯಲ್ಲಿ ಲಾಡ್ ಖಾನ್ ಗುಡಿ ಎಂಬ ಹೆಸರಿದೆ. ಒಂದು ಕಾಲದಲ್ಲಿ ಆ ಹೆಸರಿನ ವ್ಯಕ್ತಿ ಅಲ್ಲಿ ವಾಸವಾಗಿದ್ದುದರಿಂದ ಬಂದ ಹೆಸರು. ದುರ್ಗಾ ದೇವಾಲಯಕ್ಕೂ ದುರ್ಗಾದೇವಿಗೂ ಸಂಬಂಧವಿಲ್ಲ. ಬಳಿಯಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ ಅದಕ್ಕೆ ಹೆಸರಾಯಿತು. ಗುಡಿಗಳ ನಡುವೆ ಜನ ಬದುಕಿದ್ದರು, ಇಂದಿಗೂ ಬದುಕಿದ್ದಾರೆ. ಸ್ಮಾರಕಗಳ ರಕ್ಷಣೆಗಾಗಿ ಅವರ ಮನೆಗಳನ್ನು ಸ್ಥಳಾಂತರಿಸುವ ಮಾತು ವರ್ಷಗಳಿಂದ ನಡೆದಿದೆ. ಅದು ಸರಿಯೇ ತಪ್ಪೇ ಎಂದು ಹೇಳುವ ಮೊದಲು ಅಲ್ಲಿನ ಮನೆಯೊಂದರ ಕಟ್ಟೆಯ ಮೇಲೆ ಕುಳಿತು ಆ ಮನೆಯವರನ್ನು ಕೇಳಬೇಕು.

ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ತಲುಪುವ ಪ್ರಸಿದ್ಧ ಕಾಲುದಾರಿಯಿದೆ. ದಿನಕ್ಕೆ 500 ಜನರಿಗೆ ಮಾತ್ರ ಪರವಾನಗಿ. ಆ ಲೆಕ್ಕದಲ್ಲಿ ಹೊರೆ ಹೊರುವವರೂ ಮಾರ್ಗದರ್ಶಕರೂ ಸೇರಿದ್ದಾರೆ. ಅವರೇ ಅರ್ಧಕ್ಕಿಂತ ಹೆಚ್ಚು. ಪ್ರವಾಸಿಯ ಗುಡಾರ, ಅಕ್ಕಿ, ಪಾತ್ರೆಗಳು ಇನ್ನೊಬ್ಬರ ಬೆನ್ನ ಮೇಲೆ ಸಾಗುತ್ತವೆ. ಅಪೂರಿಮಾಕ್ ನದಿಯ ಮೇಲೆ ಕೆಸ್ವಾಚಾಕಾ ಎಂಬ ಹುಲ್ಲಿನ ಹಗ್ಗದ ಸೇತುವೆಯಿದೆ. ನಾಲ್ಕು ಹಳ್ಳಿಗಳ ಜನ ಪ್ರತಿ ಜೂನ್ ತಿಂಗಳಲ್ಲಿ ಸೇರಿ ಅದನ್ನು ಹೊಸದಾಗಿ ಹೆಣೆಯುತ್ತಾರೆ. 2021ರ ಮಾರ್ಚಿನಲ್ಲಿ ಅದು ಕುಸಿದು ಬಿದ್ದಿತು. ಅದೇ ಜೂನಿನಲ್ಲಿ ಮತ್ತೆ ಹೆಣೆದರು. ಇಂಕಾ ಇತಿಹಾಸ ಅಲ್ಲಿ ಮುಗಿದ ಕಥೆಯಲ್ಲ.

ನೀರಿನ ಎಚ್ಚರ

ಎಲ್ಲಿಗೆ ಹೋಗಬೇಕು ಎಂಬುದರಷ್ಟೇ ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಆಂಡಿಸ್‌ನಲ್ಲಿ ಮಳೆಗಾಲ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಇಂಕಾ ಕಾಲುದಾರಿಯನ್ನು ಪ್ರತಿ ಫೆಬ್ರವರಿಯಲ್ಲಿ ಮುಚ್ಚುತ್ತಾರೆ. 2010ರ ಜನವರಿಯಲ್ಲಿ ಪ್ರವಾಹ ಬಂದು ರೈಲುಹಳಿ ಕೊಚ್ಚಿಹೋದಾಗ ಸಾವಿರಾರು ಪ್ರವಾಸಿಗಳನ್ನು ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು.

ನಮಗೆ ಈ ಪಾಠ ಹೊಸದಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ಭಾಗದ ಊರುಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದಿತ್ತು. ಸಾವಿರದ ಮುನ್ನೂರು ವರ್ಷ ನಿಂತ ಗುಡಿ ಮುಂದೆಯೂ ತಾನಾಗಿಯೇ ನಿಲ್ಲುತ್ತದೆಂದು ಭಾವಿಸುವುದು ತಪ್ಪು. ಮುಂದಿನ ಸಲ ನೋಡೋಣ ಎಂದು ಮುಂದೂಡುವವರಿಗೂ, ಕಂಬದ ಮೇಲೆ ಹೆಸರು ಗೀಚುವವರಿಗೂ ಇದು ನೆನಪಿರಬೇಕು. ನಮ್ಮ ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು.

ಒಂದು ಸಣ್ಣ ಯೋಜನೆ

ಉಗಾರ, ಕಾಗವಾಡ, ಅಥಣಿ, ರಾಯಬಾಗ ಭಾಗದ ವಿದ್ಯಾರ್ಥಿಗಳು ಹೀಗೆ ಮಾಡಬಹುದು. ಮೊದಲು ಒಂದು ರವಿವಾರ ಖಿದ್ರಾಪುರಕ್ಕೆ ಮಾತ್ರ ಹೋಗಿ. ಮಧ್ಯಾಹ್ನಕ್ಕೆ ಮೊದಲೇ ತಲುಪಿ, ಸ್ವರ್ಗಮಂಟಪದ ಬೆಳಕು ನೋಡಿ, ಒಂದು ಕಂಬದ ಚಿತ್ರ ಬರೆದು, ಸಮೀಪದ ಆದಿನಾಥ ಬಸದಿಯನ್ನೂ ಕಂಡು ಸಂಜೆಗೆ ಮನೆಗೆ ಬನ್ನಿ. ಆಮೇಲೆ ಒಂದು ತಿಂಗಳು ಓದಿ. ಗ್ರಂಥಾಲಯದಲ್ಲಿ ಬಾದಾಮಿ ಚಾಲುಕ್ಯರ ಕುರಿತ ಪುಸ್ತಕ ಸಿಗುತ್ತದೆ.

ನಂತರ ಮೂರು ದಿನಗಳ ಬಿಡುವು ಮಾಡಿಕೊಂಡು ಅಥಣಿ, ಜಮಖಂಡಿ, ಬಾಗಲಕೋಟೆಯ ಮೇಲೆ ಬಸ್ಸು ಬದಲಿಸುತ್ತ ಬಾದಾಮಿಗೆ ಹೋಗಿ. ಕಿಟಕಿಯ ಪಕ್ಕ ಕುಳಿತು ಕಪ್ಪು ಮಣ್ಣು ಎಲ್ಲಿ ಮುಗಿದು ಕೆಂಪು ಕಲ್ಲು ಎಲ್ಲಿ ಆರಂಭವಾಯಿತೆಂದು ಬರೆದಿಡಿ. ಒಂದು ದಿನ ಬಾದಾಮಿಗೆ, ಒಂದು ದಿನ ಐಹೊಳೆಗೆ, ಒಂದು ದಿನ ಪಟ್ಟದಕಲ್ಲಿಗೆ. ಎಲ್ಲವನ್ನೂ ನೋಡುವ ಹಟ ಬೇಡ. ಐಹೊಳೆಯಲ್ಲಿ ಮೇಗುಟಿ ಮತ್ತು ದುರ್ಗಾ ಗುಡಿಯನ್ನು ಸರಿಯಾಗಿ ನೋಡಿದರೂ ಆ ದಿನ ಸಾರ್ಥಕ. ಪ್ರತಿ ಸ್ಥಳದಲ್ಲಿ ಮೂರು ಪ್ರಶ್ನೆಗಳಿಗೆ ಮೂರು ಸಾಲು ಉತ್ತರ ಬರೆಯಿರಿ: ಕಲ್ಲು, ಹೆಸರು, ಇಂದಿನ ಜನ. ಉತ್ತರ ಸಿಗದಿದ್ದರೆ ಜಾಗ ಖಾಲಿ ಬಿಡಿ, ಊಹೆಯನ್ನು ಉತ್ತರವೆಂದು ಬರೆಯಬೇಡಿ.

ಇಷ್ಟು ರೂಢಿಯಾದ ಮೇಲೆ ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಆಂಡಿಸ್‌ಗೆ ಹೋದರೆ, ಒಲ್ಯಾಂತಾಯ್‌ಟಾಂಬೊದ ದಣಿದ ಕಲ್ಲಿನ ಮುಂದೆ ನಿಂತಾಗ ಏನು ಕೇಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಅಡುಗೆಯವರು ತಟ್ಟೆಯಲ್ಲಿ ಬಟಾಟೆ ಬಡಿಸಿದಾಗ ಅದು ಪರಕೀಯವೆನಿಸುವುದೂ ಇಲ್ಲ. ಮೊದಲು ಈ ರವಿವಾರದ ಬುತ್ತಿ ಕಟ್ಟಿಕೊಳ್ಳಿ. ಶೇಂಗಾ ಚಟ್ನಿಯನ್ನು ಮರೆಯಬೇಡಿ, ನೋಟ್‌ಬುಕ್ಕನ್ನೂ ಮರೆಯಬೇಡಿ.